ಹೊಸ ಔಷಧಿಯ ಟ್ರಯಲ್‌ಗೆ ಜನ ಯಾಕೆ ಸೇರುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಎರಡು ಆಸ್ಪತ್ರೆಗಳಲ್ಲಿ 11 ವರ್ಷ ಟ್ರಯಲ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದ್ದೇನೆ. ಹೊಸ ಔಷಧಿಯ ಪರೀಕ್ಷೆಗೆ ಬಂದವರ ಪಕ್ಕ ಕೂತು ಒಪ್ಪಿಗೆ ಪತ್ರ ಓದಿ ಹೇಳುವುದು, ಮುಂದಿನ ತಾರೀಖು ನೆನಪಿಸುವುದು, ರಾತ್ರಿ "ಮೇಡಂ, ಮೈ ಬಿಸಿಯಾಗಿದೆ" ಅಂತ ಬರುವ ಫೋನ್ ಎತ್ತುವುದು, ಇದೇ ನನ್ನ ಕೆಲಸ. ಓಪಿಡಿ ಕಾರಿಡಾರಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಾ ಬಂದೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಈ ಕ್ಲಿನಿಕಲ್ ಟ್ರಯಲ್ ಅಂದ್ರೆ ನಿಜವಾಗ್ಲೂ ಏನು?

ಒಂದು ಔಷಧಿ, ಲಸಿಕೆ ಅಥವಾ ಚಿಕಿತ್ಸೆ ಕೆಲಸ ಮಾಡುತ್ತದಾ, ತೊಂದರೆ ಕೊಡುತ್ತದಾ ಎಂದು ಮನುಷ್ಯರಲ್ಲಿ ಲೆಕ್ಕ ಇಟ್ಟು ನೋಡುವುದು. ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ ನೋಡಿದ ನಂತರವೇ ಇಲ್ಲಿಗೆ ಬರುತ್ತದೆ. ಇದರಲ್ಲಿ ಹಂತಗಳಿವೆ. ಮೊದಲ ಹಂತದಲ್ಲಿ ಕೆಲವೇ ಜನ, ಬಹಳ ಸಲ ಆರೋಗ್ಯವಂತರು. ಮೈ ಇದನ್ನು ತಡೆದುಕೊಳ್ಳುತ್ತದಾ, ಡೋಸ್ ಎಷ್ಟು ಇರಬೇಕು ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಎರಡನೆಯದರಲ್ಲಿ ಆ ಕಾಯಿಲೆ ಇರುವವರು ಬರುತ್ತಾರೆ. ಮೂರನೆಯದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನ. ನಾಲ್ಕನೆಯದು ಔಷಧಿ ಅಂಗಡಿಗೆ ಬಂದ ಮೇಲೂ ಮುಂದುವರಿಯುವ ಗಮನ. ನಿಮ್ಮನ್ನು ಯಾರಾದರೂ ಟ್ರಯಲ್‌ಗೆ ಕರೆದರೆ "ಇದು ಎಷ್ಟನೇ ಹಂತ?" ಅಂತ ಮೊದಲು ಕೇಳಿ. ಉತ್ತರ ಕೇಳಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಸುಮ್ನೆ ಆರಾಮಾಗಿ ಇರೋದು ಬಿಟ್ಟು ಜನ ಯಾಕೆ ಹೋಗಿ ಇದಕ್ಕೆ ಸೇರ್ಕೋತಾರೆ?

ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಒಂದೇ ಕಾರಣಕ್ಕೆ ಸೇರಿದವರನ್ನು ನಾನು ಕಂಡಿದ್ದು ಕಡಿಮೆ.

ಇರುವ ಮಾತ್ರೆ ನಾಟದೇ ಸೋತವರು ಇರುತ್ತಾರೆ. ಮೂರು ಔಷಧಿ ಬದಲಾಯಿಸಿದ್ದಾಯಿತು, ಕೀಲು ನೋವು ಇಳಿದಿಲ್ಲ, ಇದೊಂದು ನೋಡೋಣ ಅನ್ನುವವರು. ಟ್ರಯಲ್‌ನಲ್ಲಿ ಪರೀಕ್ಷೆ, ಸ್ಕ್ಯಾನ್ ಉಚಿತ ಅನ್ನುವುದು ಇನ್ನು ಕೆಲವರಿಗೆ ದೊಡ್ಡ ಕಾರಣ, ಅದನ್ನು ಹೇಳಿಕೊಳ್ಳಲು ಅವರು ಹಿಂಜರಿಯುತ್ತಾರೆ, ಆದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ತಿಂಗಳಿಗೊಮ್ಮೆ ಅದೇ ಡಾಕ್ಟರ್ ಅರ್ಧ ಗಂಟೆ ಕೂತು ಮಾತಾಡುತ್ತಾರೆ ಅನ್ನುವುದಕ್ಕೇ ಬಂದ ವಯಸ್ಸಾದವರೂ ಇದ್ದಾರೆ. ನೂಕುನುಗ್ಗಲಿನ ಓಪಿಡಿಯಲ್ಲಿ ಮೂರು ನಿಮಿಷ ಸಿಕ್ಕವರಿಗೆ ಅದರ ಬೆಲೆ ಗೊತ್ತು.

ಆಮೇಲೆ, ಬೇರೆಯವರಿಗಾಗಿ ಬರುವವರು. ಹನುಮಂತನಗರದ ಕಡೆಯ ಒಬ್ಬ ತಾಯಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. ಅವರ ಅಮ್ಮನಿಗೂ ಅಕ್ಕನಿಗೂ ಶುಗರ್ ಇತ್ತು, ಅವರಿಗೂ ಬಂತು. "ನಂಗೆ ಆಗೋದು ಆಗ್ಲಿ ಕಣಮ್ಮ, ಮಗಳಿಗೆ ಬರೋ ಹೊತ್ತಿಗಾದ್ರೂ ಒಳ್ಳೆ ಔಷಧಿ ಇರ್ಲಿ" ಅಂದರು. ಅದೇ ಉಸಿರಿನಲ್ಲಿ "ಬಸ್ ಚಾರ್ಜ್ ಕೊಡ್ತೀರಲ್ವಾ?" ಅಂತಲೂ ಕೇಳಿದರು. ಎರಡೂ ನಿಜವಾದ ಕಾರಣಗಳೇ. ಪರೋಪಕಾರ ಮಾತ್ರ ಶುದ್ಧ, ಉಳಿದದ್ದೆಲ್ಲ ಸ್ವಾರ್ಥ ಅಂತ ತೂಗುವವರನ್ನು ನಾನು ಒಪ್ಪುವುದಿಲ್ಲ. ನನ್ನ ಕಾಳಜಿ ಇಷ್ಟೇ: ಸಹಿ ಹಾಕುವ ಮುಂಚೆ ನಿಮ್ಮ ಕಾರಣ ಯಾವುದು ಅಂತ ನಿಮಗೆ ಗೊತ್ತಿರಬೇಕು. ಯಾಕೆಂದರೆ ಕೆಲವು ಕಾರಣಗಳನ್ನು ಟ್ರಯಲ್ ಪೂರೈಸುತ್ತದೆ, ಕೆಲವನ್ನು ಪೂರೈಸುವುದಿಲ್ಲ.

ನಮ್ಮನ್ನ ಇಲಿ ಥರ ಬಳಸ್ಕೋತಾರೆ ಅಲ್ವಾ?

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಹಾಗಾಗಿ ತಳ್ಳಿಹಾಕುವುದಿಲ್ಲ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಶಾಲಾ ಹುಡುಗಿಯರಿಗೆ ಹಾಕುವ ಯೋಜನೆ ನಡೆಯಿತು. ಆಗ ಎಷ್ಟೋ ಮಕ್ಕಳ ಪರವಾಗಿ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. ಕೆಲವು ಮಕ್ಕಳು ತೀರಿಕೊಂಡರು. ಅದಕ್ಕೆ ಲಸಿಕೆ ಕಾರಣ ಎಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಆದರೆ ಹೆತ್ತವರನ್ನು ಕೇಳದೇ ಮಾಡಿದ್ದು ತಪ್ಪೇ. 2013ರಲ್ಲಿ ದೇಶದ ಟ್ರಯಲ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ ಕಟುವಾಗಿ ಮಾತಾಡಿತು, ನಿಯಮಗಳು ಬಿಗಿಯಾದವು. ಈಗ ನಡೆಯುವುದೆಲ್ಲ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಕೆಳಗೆ.

ಇಲಿಗೂ ನಿಮಗೂ ಇರುವ ವ್ಯತ್ಯಾಸ ಒಂದೇ. ಇಲಿಯನ್ನು ಯಾರೂ ಕೇಳುವುದಿಲ್ಲ, ನಿಮ್ಮನ್ನು ಕೇಳಲೇಬೇಕು. ಕೇಳದೇ, ವಿವರಿಸದೇ ಸೇರಿಸಿಕೊಂಡರೆ ನಿಮ್ಮ ಭಯ ಸರಿಯಾಗಿದೆ ಅಂತಲೇ ಅರ್ಥ, ಅಲ್ಲಿಂದ ಎದ್ದು ಬನ್ನಿ.

ದುಡ್ಡು ಕೊಡ್ತಾರಾ?

ರೋಗಿಗಳಿಗೆ ಸಾಮಾನ್ಯವಾಗಿ ಓಡಾಟದ ಖರ್ಚು, ಊಟ, ಕೆಲವು ಕಡೆ ಆ ದಿನದ ಕೂಲಿ ನಷ್ಟ ಕೊಡುತ್ತಾರೆ. ಟ್ರಯಲ್‌ನ ಔಷಧಿಗೆ, ಟ್ರಯಲ್‌ಗಾಗಿ ಮಾಡುವ ಪರೀಕ್ಷೆಗೆ ನೀವು ಹಣ ಕಟ್ಟುವಂತಿಲ್ಲ. ಆರೋಗ್ಯವಂತರ ಮೇಲೆ ನಡೆಯುವ ಪರೀಕ್ಷೆಗಳಲ್ಲಿ ಒಂದೆರಡು ದಿನ ಅಲ್ಲೇ ಇದ್ದು ಪದೇ ಪದೇ ರಕ್ತ ಕೊಡಬೇಕಾಗುತ್ತದೆ, ಅದಕ್ಕೆ ಹಣ ಉಂಟು. ಎಷ್ಟು ಕೊಡಬೇಕು ಎಂದು ಎಥಿಕ್ಸ್ ಕಮಿಟಿ, ಅಂದರೆ ಸೇರಿದವರ ಹಿತ ಕಾಯಲು ಟ್ರಯಲ್ ಮೇಲೆ ಕಣ್ಣಿಡುವ ಸಮಿತಿ, ನೋಡಿ ಒಪ್ಪಬೇಕು, ದುಡ್ಡಿನ ಆಸೆಗೆ ಅಪಾಯ ಮರೆತು ಯಾರೂ ಬರಬಾರದು ಅಂತ. ಕೆಲಸ ಇಲ್ಲದೆ ಪಿ.ಜಿ. ಬಾಡಿಗೆ ಕಟ್ಟಲು ಕಷ್ಟಪಡುವ ಹುಡುಗರು ಒಂದು ಸೆಂಟರ್‌ನಲ್ಲಿ ಮುಗಿಸಿ ಮುಂದಿನ ವಾರವೇ ಇನ್ನೊಂದಕ್ಕೆ ಹೋಗುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲನೆಯ ಔಷಧಿ ಮೈಯಲ್ಲಿ ಇನ್ನೂ ಇರುವಾಗ ಎರಡನೆಯದು ಸೇರಿದರೆ ಏನಾಗುತ್ತದೆ ಎಂದು ಯಾವ ಡಾಕ್ಟರೂ ಮೊದಲೇ ಹೇಳಲಾರರು. ರಕ್ತವೂ ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ.

## ಸಹಿ ಹಾಕುವ ಮುಂಚೆ

ನಮ್ಮ ಡಾಕ್ಟ್ರೇ ಹೇಳಿದ್ಮೇಲೆ ಬೇಡ ಅನ್ನೋದು ಹೇಗೆ?

ಅನ್ನಬಹುದು. ನಿಮ್ಮ ಮಾಮೂಲಿ ಚಿಕಿತ್ಸೆ ಅದರಿಂದ ಒಂದಿಷ್ಟೂ ಕಡಿಮೆಯಾಗಬಾರದು, ಈ ಮಾತು ಒಪ್ಪಿಗೆ ಪತ್ರದಲ್ಲೇ ಇರಬೇಕು. ಆದರೆ ಕಾಗದದಲ್ಲಿ ಇದ್ದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ ಅಲ್ವಾ? ಹತ್ತು ವರ್ಷದಿಂದ ನೋಡಿದ ಡಾಕ್ಟರ ಮುಖ ನೋಡಿ ಇಲ್ಲ ಅನ್ನಲು ನಮ್ಮ ಜನರ ನಾಲಿಗೆ ಏಳುವುದಿಲ್ಲ, "ನೀವು ಹೇಳಿದ ಹಾಗೆ ಸಾರ್" ಅಂತ ಪೆನ್ನು ತಗೊಳ್ಳುತ್ತಾರೆ. ಹಾಗೆ ಪೆನ್ನು ಹಿಡಿದವರಿಂದ ನಾನು ಪೆನ್ನು ವಾಪಸ್ ಇಸ್ಕೊಂಡಿದ್ದೇನೆ. "ಮನೆಗೆ ಹೋಗಿ ಮಾತಾಡಿ ಬರ್ತೀನಿ" ಅನ್ನುವ ವಾಕ್ಯ ಕಲಿತಿಟ್ಟುಕೊಳ್ಳಿ. ಅದಕ್ಕೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ಅಮ್ಮನಿಗೆ ಕ್ಯಾನ್ಸರ್, ಇನ್ನೇನೂ ಮಾಡೋಕಾಗಲ್ಲ ಅಂದ್ರು. ಟ್ರಯಲ್‌ಗೆ ಸೇರಿಸಿದ್ರೆ ಗುಣ ಆಗುತ್ತಾ?

ಈ ಪ್ರಶ್ನೆ ಕೇಳುವವರ ಕಣ್ಣು ನೋಡುವುದು ನನಗೆ ಈಗಲೂ ಕಷ್ಟ. ಆದರೂ ನಿಜವನ್ನೇ ಹೇಳಬೇಕು. ಡಾಕ್ಟರು ಚಿಕಿತ್ಸೆ ಕೊಡುವಾಗ ನಿಮ್ಮ ಅಮ್ಮನಿಗೆ ಏನು ಒಳ್ಳೆಯದು ಅಂತ ನೋಡುತ್ತಾರೆ. ಟ್ರಯಲ್ ಕೇಳುವುದು ಈ ಔಷಧಿ ಕೆಲಸ ಮಾಡುತ್ತದಾ ಅಂತ. ಎರಡೂ ಒಂದೇ ಆಸ್ಪತ್ರೆಯಲ್ಲಿ, ಅದೇ ಬಿಳಿ ಕೋಟಿನವರಿಂದ ನಡೆಯುವುದರಿಂದ ಒಂದೇ ಅಂತ ಅನ್ನಿಸಿಬಿಡುತ್ತದೆ. ಹೊಸ ಔಷಧಿ ಅಂದರೆ ಹೆಚ್ಚು ಒಳ್ಳೆಯ ಔಷಧಿ ಅಂತಲ್ಲ. ಒಳ್ಳೆಯದು ಅಂತ ಮೊದಲೇ ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ಅದು ಮೊದಲ ಹಂತದ್ದಾದರೆ, ಅಲ್ಲಿ ನೋಡುವುದು ಮುಖ್ಯವಾಗಿ ಡೋಸ್ ಮತ್ತು ಅಪಾಯ.

ಹಾಗಂತ ಭರವಸೆ ಇಟ್ಟುಕೊಳ್ಳುವುದು ತಪ್ಪಲ್ಲ. ಇವತ್ತು ಮಕ್ಕಳ ರಕ್ತದ ಕ್ಯಾನ್ಸರ್ ಬಹುಪಾಲು ಗುಣವಾಗುತ್ತದೆ ಅಂದರೆ ಅದು ದಶಕಗಳ ಕಾಲ ಒಂದರ ಮೇಲೊಂದು ನಡೆದ ಟ್ರಯಲ್‌ಗಳ ಫಲ. ಡಾಕ್ಟರನ್ನು ಮೂರು ವಿಷಯ ಕೇಳಿ. ಸೇರದೇ ಇದ್ದರೆ ಅಮ್ಮನಿಗೆ ಏನು ಕೊಡುತ್ತೀರಿ? ಸೇರಿದರೆ ಎಷ್ಟು ದಿನ ಆಸ್ಪತ್ರೆಯಲ್ಲಿ ಕಳೆಯಬೇಕು? ನೋವು ಕಡಿಮೆ ಮಾಡುವ ಆರೈಕೆ ಜೊತೆಗೇ ನಡೆಯುತ್ತದಾ? ಆಮೇಲೆ ಅಮ್ಮನನ್ನು ಕೇಳಿ. ಮಕ್ಕಳು ಓಡಾಡಿ ಎಲ್ಲ ತೀರ್ಮಾನ ಮಾಡಿ, ಅಮ್ಮನಿಗೆ ಹೇಳುವುದು ಕೊನೆಗೆ. ಎಷ್ಟೋ ಅಮ್ಮಂದಿರಿಗೆ ಉಳಿದ ದಿನಗಳನ್ನು ಮನೆಯಲ್ಲಿ, ಮೊಮ್ಮಕ್ಕಳ ಜೊತೆ ಕಳೆಯುವ ಆಸೆ ಇರುತ್ತದೆ.

ಅಷ್ಟು ದಪ್ಪ ಫಾರ್ಮ್ ಯಾರು ಓದ್ತಾರೆ? ಏನೇನು ನೋಡ್ಬೇಕು?

ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಬೆಂಗಳೂರಿನಲ್ಲಿ ಇವೆಲ್ಲವೂ ಬೇಕಾಗುತ್ತವೆ. ಬೇಜಾರಿನ ಸಂಗತಿ ಅಂದರೆ ಕನ್ನಡದ ಪತ್ರ ಕೆಲವೊಮ್ಮೆ ಕನ್ನಡಿಗರಿಗೇ ಅರ್ಥವಾಗುವುದಿಲ್ಲ. "ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು" ಅಂತ ಒಂದು ಪತ್ರದಲ್ಲಿ ಇತ್ತು. ರಿಟೈರ್ಡ್ ಮೇಷ್ಟ್ರು ಒಬ್ಬರು ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. "ಚೀಟಿ ಎತ್ತಿದ ಹಾಗೆ ಸಾರ್, ಯಾರಿಗೆ ಯಾವ ಔಷಧಿ ಅನ್ನೋದು ನಾವ್ಯಾರೂ ಆರಿಸಲ್ಲ" ಅಂದೆ. "ಹಾಗಂತ ಬರೀಬಾರ್ದಾ?" ಅಂದರು. ಅವರು ಕೇಳಿದ್ದು ನ್ಯಾಯವಾಗಿತ್ತು. ಮುಂದಿನ ಪತ್ರಗಳಲ್ಲಿ ಹಾಗೇ ಬರೆಸಲು ಜಗಳವಾಡಿದೆ.

ಪೂರ್ತಿ ಓದಲು ಆಗದಿದ್ದರೆ ಇಷ್ಟನ್ನು ಹುಡುಕಿ: ಯಾಕೆ ಮಾಡುತ್ತಿದ್ದಾರೆ, ಎಷ್ಟು ದಿನ, ಏನೇನು ತೊಂದರೆ ಆಗಬಹುದು, ಬೇರೆ ಚಿಕಿತ್ಸೆ ಏನಿದೆ, ಅಪಾಯವಾದರೆ ಯಾರ ಹೊಣೆ, ಯಾರಿಗೆ ಫೋನ್ ಮಾಡಬೇಕು. ಎಥಿಕ್ಸ್ ಕಮಿಟಿಯ ನಂಬರ್ ಇದೆಯಾ ನೋಡಿ. ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿ ಒಬ್ಬರು ಜೊತೆಗೆ ಕೂತಿರಬೇಕು. ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

ಮಾತಾಡ್ತಿರುವಾಗ ವಿಡಿಯೋ ಮಾಡಿದ್ರು, ಯಾಕೆ?

ನಿಮ್ಮ ರಕ್ಷಣೆಗೆ. ಹೊಚ್ಚ ಹೊಸ ಔಷಧಿಯಾಗಿದ್ದು, ಸೇರುವವರು ಬಡತನ, ವಯಸ್ಸು, ಕಾಯಿಲೆ ಇಂಥ ಕಾರಣಕ್ಕೆ ಒತ್ತಡಕ್ಕೆ ಮಣಿಯಬಹುದಾದವರಾಗಿದ್ದರೆ, ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಲೇಬೇಕು. ವಿವರಿಸಿದರಾ, ಪ್ರಶ್ನೆ ಕೇಳಲು ಬಿಟ್ಟರಾ ಅನ್ನುವುದಕ್ಕೆ ಅದು ದಾಖಲೆ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಿಗಳ ಟ್ರಯಲ್‌ನಲ್ಲಿ ಮುಖ ಕಾಣಬಾರದು ಎಂದು ಧ್ವನಿ ಮಾತ್ರ ದಾಖಲಿಸಿದರೆ ಸಾಕು.

ಸಕ್ಕರೆ ಗುಳಿಗೆ ಕೊಟ್ಟು ಮೋಸ ಮಾಡ್ತಾರಂತೆ?

ಅದಕ್ಕೆ ಪ್ಲಸೀಬೊ ಅನ್ನುತ್ತಾರೆ. ನೋಡಲು ಔಷಧಿಯ ಹಾಗೇ ಇರುತ್ತದೆ, ಒಳಗೆ ಔಷಧಿ ಇರುವುದಿಲ್ಲ. ಕೆಲವರಿಗೆ ಇದು ಸಿಗಬಹುದು ಅಂತ ಮೊದಲೇ ಹೇಳಿ ಒಪ್ಪಿಗೆ ತಗೊಂಡಿರುವುದರಿಂದ ಮೋಸ ಅಲ್ಲ. ಹೇಳದಿದ್ದರೆ ಖಂಡಿತ ಮೋಸ. ಇದು ಯಾಕೆ ಬೇಕು ಅಂದರೆ, ಮಾತ್ರೆ ನುಂಗಿದೆವು ಅನ್ನುವ ಸಮಾಧಾನಕ್ಕೇ ತಲೆನೋವು ಇಳಿಯುವುದುಂಟು. ಕೆಲವು ಕಾಯಿಲೆ ತಾನಾಗೇ ಹೋಗುತ್ತವೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಔಷಧಿಯ ಕೆಲಸ ಯಾವುದು, ಮೈಯ ಕೆಲಸ ಯಾವುದು ಗೊತ್ತಾಗುವುದಿಲ್ಲ. ಬಹಳ ಸಲ ಡಾಕ್ಟರಿಗೂ ಯಾರಿಗೆ ಏನು ಸಿಕ್ಕಿದೆ ಗೊತ್ತಿರುವುದಿಲ್ಲ.

ಕ್ಯಾನ್ಸರ್‌ನಂಥ ಕಾಯಿಲೆಯಲ್ಲಿ ಎಲ್ಲರಿಗೂ ಮಾಮೂಲಿ ಚಿಕಿತ್ಸೆ ನಡೆಯುತ್ತಲೇ ಇರುತ್ತದೆ, ಅದರ ಮೇಲೆ ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಪ್ಲಸೀಬೊ ಕೊಡುವುದು ರೂಢಿ. ಕೊಡಬೇಕಾದ ಚಿಕಿತ್ಸೆ ತಪ್ಪಿಸಿ ಬರೀ ಪ್ಲಸೀಬೊ ಕೊಟ್ಟು ಹಾನಿಯಾದರೆ ಪರಿಹಾರ ಕೊಡಬೇಕು ಅಂತ ನಿಯಮದಲ್ಲೇ ಇದೆ.

## ಸೇರಿದ ಮೇಲೆ

ಎಷ್ಟು ಸಲ ಬರ್ಬೇಕು? ಕೆಲ್ಸ ಇರುತ್ತೆ ನಮ್ಗೆ.

ಟ್ರಯಲ್ ಬಿಟ್ಟು ಹೋಗಲು ಸೈಡ್ ಎಫೆಕ್ಟ್ ಒಂದೇ ಕಾರಣ ಅಲ್ಲ, ಟ್ರಾಫಿಕ್ ಕೂಡ ಕಾರಣ. ಬೆಳಿಗ್ಗೆ 8ಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ರಕ್ತ ಕೊಡಬೇಕು, ತಿಂಡಿ ತಿಂದು ಎರಡು ಗಂಟೆ ಬಿಟ್ಟು ಮತ್ತೆ ರಕ್ತ. ಕೆಂಗೇರಿಯಿಂದ ಹೊರಟವರು 6ಕ್ಕೆ ಮನೆ ಬಿಟ್ಟಿರುತ್ತಾರೆ. ಉಳಿದ ಮಾತ್ರೆ, ಖಾಲಿ ಸ್ಟ್ರಿಪ್ ಎಲ್ಲ ವಾಪಸ್ ತರಬೇಕು, ಎಣಿಸುತ್ತೇವೆ. ಒಬ್ಬ ತಾತ ಎರಡು ವರ್ಷವೂ ಅವನ್ನು ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರಿನಲ್ಲಿ ತರುತ್ತಿದ್ದರು. ನುಂಗಲು ಮರೆತ ದಿನದ ಮಾತ್ರೆಯ ಮೇಲೆ ಪೆನ್ನಿನಿಂದ ತಾರೀಖು ಬರೆದಿರುತ್ತಿದ್ದರು. ಅಷ್ಟು ನಿಖರವಾದ ಲೆಕ್ಕ ನಮ್ಮ ಕಂಪ್ಯೂಟರಿನಲ್ಲೂ ಇರಲಿಲ್ಲ. ಮರೆತಿದ್ದನ್ನು ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಸುಳ್ಳು ಲೆಕ್ಕ ಕೊಟ್ಟರೆ ಮುಂದೆ ಆ ಔಷಧಿ ತಗೊಳ್ಳುವವರಿಗೆ ತೊಂದರೆ.

ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಯಾರು ನೋಡ್ಕೋತಾರೆ?

ಅಪಾಯ ಇದೆ ಅಂತ ಮೊದಲು ಒಪ್ಪಿಕೊಳ್ಳೋಣ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟಾಗ 6 ಜನ ಆರೋಗ್ಯವಂತ ಯುವಕರು ಕೆಲವೇ ಗಂಟೆಯಲ್ಲಿ ಐಸಿಯು ಸೇರಿದರು. ಅವರೆಲ್ಲರೂ ಬದುಕಿದರು. ಅದಾದ ಮೇಲೆ ಹೊಸ ಔಷಧಿಯನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ, ಒಬ್ಬರಿಗೆ ಕೊಟ್ಟು ಕಾದು ನೋಡುವ ಎಚ್ಚರಿಕೆ ಬಂತು.

ನಮ್ಮಲ್ಲಿ ಗಂಭೀರ ತೊಂದರೆ ಏನೇ ಆದರೂ ಟ್ರಯಲ್ ನಡೆಸುವ ಡಾಕ್ಟರು 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ, ಎಥಿಕ್ಸ್ ಕಮಿಟಿಗೆ, ಟ್ರಯಲ್ ಮಾಡಿಸುವ ಕಂಪನಿಗೆ ತಿಳಿಸಬೇಕು. ಚಿಕಿತ್ಸೆ ಉಚಿತ, ಅಗತ್ಯ ಇರುವವರೆಗೆ ಅಥವಾ ಆ ತೊಂದರೆಗೂ ಟ್ರಯಲ್‌ಗೂ ಸಂಬಂಧ ಇಲ್ಲ ಎಂದು ಗೊತ್ತಾಗುವವರೆಗೆ. ಟ್ರಯಲ್‌ನಿಂದಲೇ ಸಾವು ಸಂಭವಿಸಿದರೆ ಪರಿಹಾರಕ್ಕೆ ಸೂತ್ರವಿದೆ. 8 ಲಕ್ಷ ರೂಪಾಯಿ ಮೂಲ ಮೊತ್ತ, ಅದಕ್ಕೆ ವಯಸ್ಸು ಮತ್ತು ಸೇರುವಾಗಿನ ಆರೋಗ್ಯದ ಲೆಕ್ಕ ಸೇರುತ್ತದೆ. ಆರೋಗ್ಯವಂತ ಹುಡುಗನಿಗೆ ಜಾಸ್ತಿ, ಮೊದಲೇ ಕಾಯಿಲೆ ಮಿತಿ ಮೀರಿದವರಿಗೆ ಕಡಿಮೆ. ಜೀವಕ್ಕೆ ಹೀಗೆ ಲೆಕ್ಕ ಹಾಕುವುದು ನನಗೆ ಸಂಕಟ ತರುತ್ತದೆ, ಆದರೆ ಸೂತ್ರ ಇಲ್ಲದ ಕಾಲದಲ್ಲಿ ಮನೆಯವರು ಬರಿಗೈಲಿ ಅಲೆದಿದ್ದಾರೆ, ಅದಕ್ಕಿಂತ ಇದು ಮೇಲು. ನಿಮಗೆ ಬೇಕಾದ್ದು ಇಷ್ಟು: ಒಪ್ಪಿಗೆ ಪತ್ರದ ನಿಮ್ಮ ಪ್ರತಿಯನ್ನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ, ಮನೆಯವರಿಗೂ ಹೇಳಿರಿ.

ಮಧ್ಯದಲ್ಲಿ ಬಿಟ್ಟುಬಿಟ್ರೆ ಕೇಸ್ ಹಾಕ್ತಾರಾ?

ಇಲ್ಲ. ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಲೇಬೇಕು ಅಂತಿಲ್ಲ. ಒಂದೇ ವಿನಂತಿ, ಸುಮ್ನೆ ಬರುವುದು ನಿಲ್ಲಿಸಬೇಡಿ, ಒಂದು ಫೋನ್ ಮಾಡಿ. ಕೆಲವು ಔಷಧಿಗಳನ್ನು ತಟ್ಟನೆ ನಿಲ್ಲಿಸಿದರೆ ಅಪಾಯ.

## ಇನ್ನೂ ಆಳಕ್ಕೆ ಇಳಿದವರ ಪ್ರಶ್ನೆಗಳು

ಹೊರದೇಶದಲ್ಲಿ ಟೆಸ್ಟ್ ಆಗಿರೋದನ್ನ ಮತ್ತೆ ನಮ್ಮ ಮೇಲೆ ಯಾಕೆ?

ಮೈಯೂ ಬೇರೆ, ಬದುಕೂ ಬೇರೆ. ನಮ್ಮವರಿಗೆ ಅಷ್ಟೇನೂ ದಪ್ಪ ಇಲ್ಲದಿದ್ದರೂ, ಕಡಿಮೆ ವಯಸ್ಸಿನಲ್ಲೇ ಶುಗರ್ ಬರುತ್ತದೆ. ಬಾಯಿಗೆ ಹಾಕುವ ಕೆಲವು ಲಸಿಕೆಗಳು ಶ್ರೀಮಂತ ದೇಶಗಳಲ್ಲಿ ಕೆಲಸ ಮಾಡಿದಷ್ಟು ಇಲ್ಲಿ ಮಾಡುವುದಿಲ್ಲ.

ನಮ್ಮ ನೆಲದಲ್ಲಿ ನಡೆದ ಒಂದು ಟ್ರಯಲ್ ಇಡೀ ಜಗತ್ತಿಗೆ ಪಾಠ ಕಲಿಸಿದ್ದೂ ಇದೆ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಅಂದರೆ ಕ್ಷಯದವರು ತಿಂಗಳುಗಟ್ಟಲೆ ಉಳಿಯುವ ಆಸ್ಪತ್ರೆಯಲ್ಲಿ, ಒಳ್ಳೆ ಊಟ, ವಿಶ್ರಾಂತಿ. ಇನ್ನೊಂದು ಇಕ್ಕಟ್ಟಾದ ಮನೆಗಳಲ್ಲಿ, ಬಡವರ ಊಟದಲ್ಲೇ, ಅದೇ ಮಾತ್ರೆಗಳೊಂದಿಗೆ. 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ರೀತಿ ಗುಣವಾಗಿದ್ದವು, ಮನೆಯವರಿಗೆ ಅಂಟಿದ್ದೂ ಜಾಸ್ತಿ ಇರಲಿಲ್ಲ. ಅದೇ ವರ್ಷ ನಮ್ಮ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಕ್ಷಯ ಬಂದವರು ಇವತ್ತು ಮನೆಯಲ್ಲೇ ಇದ್ದು ಮಾತ್ರೆ ತಗೊಳ್ಳುವುದರ ಹಿಂದೆ ಮದ್ರಾಸಿನ ಆ ಬಡವರ ಒಪ್ಪಿಗೆ ಇದೆ. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ಔಷಧಿ ಫೇಲ್ ಆದ್ರೆ ನಾನು ಸೇರಿದ್ದು ದಂಡ ಅಲ್ವಾ?

2020ರಲ್ಲಿ ಪ್ಲಾಸ್ಮಾ (ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವ ಭಾಗ) ಬೇಕು ಅಂತ ವಾಟ್ಸಾಪ್ ತುಂಬಾ ಬಂದ ಮೆಸೇಜುಗಳು ನೆನಪಿವೆಯಾ? ಅದೇ ಹೊತ್ತಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ಕೋವಿಡ್ ರೋಗಿಗಳನ್ನು ಸೇರಿಸಿಕೊಂಡು ಟ್ರಯಲ್ ಮಾಡಿತು. ಪ್ಲಾಸ್ಮಾದಿಂದ ಸಾವು ಕಡಿಮೆಯಾಗಲಿಲ್ಲ. 2021ರ ಮೇನಲ್ಲಿ ಅದನ್ನು ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ತೆಗೆದರು. ರಾತ್ರಿಯಿಡೀ ದಾನಿಗಳನ್ನು ಹುಡುಕಿ ಅಲೆಯುವ ಕಷ್ಟ ಎಷ್ಟೋ ಮನೆಗಳಿಗೆ ತಪ್ಪಿತು, ಅದರಲ್ಲಿ ಆ 464 ಜನರ ಪಾಲೂ ಇದೆ.

ಬೆಂಗಳೂರಿನದೇ ಇನ್ನೊಂದು ಕಥೆ. ಮಕ್ಕಳಿಗೆ ಜೀವ ತೆಗೆಯುವ ಭೇದಿ ತರುವ ರೋಟಾವೈರಸ್‌ಗೆ ಲಸಿಕೆ ಮಾಡಲು ಎರಡು ತಳಿಗಳಿದ್ದವು. ಒಂದು ದೆಹಲಿಯ ನವಜಾತ ಶಿಶುಗಳಲ್ಲಿ ಸಿಕ್ಕಿದ 116ಇ, ಇನ್ನೊಂದು ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕಿದ ಐ321. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದಾಗ ದೆಹಲಿಯದು ಗೆದ್ದಿತು, ನಮ್ಮದು ನಿಂತುಹೋಯಿತು. ಆಮೇಲೆ ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಮಕ್ಕಳ ಟ್ರಯಲ್ ನಡೆದು ರೋಟಾವ್ಯಾಕ್ ಬಂತು. ಐ321 ಹಾಕಿಸಿಕೊಂಡ ಮಕ್ಕಳ ಪಾಲು ಅದರಲ್ಲಿ ಇಲ್ಲವಾ? ಯಾವ ದಾರಿ ಮುಚ್ಚಿದೆ ಅಂತ ತೋರಿಸಿಕೊಟ್ಟವರು ಅವರು.

ಟ್ರಯಲ್ ಮುಗಿದ್ಮೇಲೆ ಔಷಧಿ ನಿಲ್ಲಿಸಿಬಿಡ್ತಾರಾ?

ಬಹುಪಾಲು ನಿಲ್ಲುತ್ತದೆ. ಆದರೆ ಆ ಔಷಧಿ ನಿಮಗೆ ಒಳ್ಳೆಯದು ಮಾಡಿದ್ದರೆ, ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ, ಕಂಪನಿ ಉಚಿತವಾಗಿ ಮುಂದುವರಿಸಲು 2019ರ ನಿಯಮದಲ್ಲಿ ಅವಕಾಶವಿದೆ. ಇದನ್ನು ಕೊನೆಯ ದಿನ ಅಲ್ಲ, ಮೊದಲ ದಿನವೇ ಕೇಳಿ.

ನಿಜವಾದ ಟ್ರಯಲ್ ಅಂತ ಗೊತ್ತಾಗೋದು ಹೇಗೆ?

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಅನ್ನುವ ನೋಂದಣಿಯಲ್ಲಿ ಇರಬೇಕು. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯ. ಯಾರು ಬೇಕಾದರೂ ತೆರೆದು ಕಾಯಿಲೆಯ ಹೆಸರು ಹಾಕಿ ಹುಡುಕಬಹುದು. ಕಿದ್ವಾಯಿ, ನಿಮ್ಹಾನ್ಸ್, ಸೇಂಟ್ ಜಾನ್ಸ್ ಮುಂತಾದ ಕಡೆ ನಡೆಯುವುದೂ ಅಲ್ಲಿ ಕಾಣುತ್ತದೆ. ನೋಂದಣಿ ನಂಬರ್ ಕೇಳಿ, ಹೊಂದಿಸಿ ನೋಡಿ.

ಗಟ್ಟಿಯಾದ ಗುರುತು ಇನ್ನೊಂದಿದೆ. "ಇದು ಟ್ರಯಲ್, ಆದರೆ ನೀವು ಇಷ್ಟು ಲಕ್ಷ ಕಟ್ಟಬೇಕು" ಅಂದರೆ ಅದು ವ್ಯಾಪಾರ. ಸ್ಟೆಮ್ ಸೆಲ್ ಹೆಸರಿನಲ್ಲಿ ಮಂಡಿ ನೋವಿನಿಂದ ಆಟಿಸಂವರೆಗೆ ಎಲ್ಲ ಗುಣ ಮಾಡುತ್ತೇವೆ ಅನ್ನುವವರ ಮಾತಿಗೆ ಸಿಕ್ಕಿ ಸೈಟು ಮಾರಿದ ಅಪ್ಪ ಅಮ್ಮಂದಿರು ನನ್ನ ಮುಂದೆ ಕೂತು ಅತ್ತಿದ್ದಾರೆ.

ನೀವಾದ್ರೆ ಸೇರ್ತೀರಾ?

ಒಂದು ಸಲ ಸೇರಿದ್ದೇನೆ. ಕೋವಿಡ್ ಸಮಯದಲ್ಲಿ, ಒಂದು ಲಸಿಕೆಯ ಮೂರನೇ ಹಂತಕ್ಕೆ. ನನ್ನ ಕಾರಣ ಸರಳವಾಗಿತ್ತು: ಇಷ್ಟು ವರ್ಷ ಬೇರೆಯವರ ಮುಂದೆ ಇಟ್ಟ ಕಾಗದವನ್ನು ನನ್ನ ಮುಂದೆ ಇಟ್ಟಾಗ ಹೇಗನಿಸುತ್ತದೆ ನೋಡಬೇಕಿತ್ತು, ಮತ್ತು ಭಯವೂ ಇತ್ತು, ಲಸಿಕೆ ಬೇಗ ಸಿಗಲಿ ಅಂತ. ಕೈ ನೋವು ಒಂದು ದಿನ ಇತ್ತು. ಸಿಕ್ಕಿದ್ದು ಲಸಿಕೆಯಾ ಬರೀ ನೀರಾ ಅಂತ ತಿಂಗಳುಗಟ್ಟಲೆ ಗೊತ್ತಾಗದೆ ಇರುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟ. ಅದಾದ ಮೇಲೆ ರೋಗಿಗಳ ಜೊತೆ ನಾನು ಮಾತಾಡುವ ರೀತಿ ಬದಲಾಯಿತು.

ನನ್ನ ಅಮ್ಮನಿಗೂ ಒಮ್ಮೆ ಮಂಡಿ ನೋವಿನ ಟ್ರಯಲ್‌ಗೆ ಕರೆ ಬಂತು. ಮೂರು ದಿನ ಪತ್ರವನ್ನು ಕನ್ನಡಕ ಹಾಕಿಕೊಂಡು ಓದಿದರು, ಎರಡು ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟು, "ಹದಿನೈದು ದಿನಕ್ಕೊಂದ್ಸಲ ಆ ಸಿಲ್ಕ್ ಬೋರ್ಡ್ ದಾಟಿ ಬರೋಕೆ ನನ್ನ ಕೈಲಾಗಲ್ಲ ಕಣೇ" ಅಂದರು. ಮರುದಿನ ನಾನೇ ಫೋನ್ ಮಾಡಿ, ಅಮ್ಮ ಸೇರುವುದಿಲ್ಲ ಅಂತ ತಿಳಿಸಿದೆ.